ಬೆರಳಗುರುತು ಮತ್ತು ಗಣಕಯಂತ್ರದ ಕಾವಲು

ಉಗಾರ ಖುರ್ದದ ಸಕ್ಕರೆ ಕಾರ್ಖಾನೆಗಾಗಿ ಕಬ್ಬು ಕಡಿಯುವ ಕೈಗಳ ಗೆರೆಗಳು ದುಡಿಮೆಯಿಂದ ಸವೆಯುತ್ತವೆ. ಅಂತಹ ಬೆರಳನ್ನು ಪಡಿತರದಂಗಡಿಯ ಯಂತ್ರವು ಕೆಲವೊಮ್ಮೆ ಗುರುತಿಸದು. ಇದರ ಕಾರಣವು ವಿಚಾರಾರ್ಹವಾಗಿದೆ.

ಬೆರಳ ತುದಿಯ ಉಬ್ಬುಗೆರೆಗಳು ಕೆಲವೆಡೆ ಕೊನೆಗೊಳ್ಳುತ್ತವೆ, ಕೆಲವೆಡೆ ಕವಲೊಡೆಯುತ್ತವೆ. ಗಣಕಯಂತ್ರವು ಈ ಬಿಂದುಗಳ ಸ್ಥಾನವನ್ನೂ ದಿಕ್ಕನ್ನೂ ಅಂಕಿಗಳಾಗಿ ಪರಿವರ್ತಿಸಿ, ಮೊದಲೇ ದಾಖಲಾದ ನಮೂನೆಯೊಡನೆ ಹೋಲಿಸುತ್ತದೆ. ಹೋಲಿಕೆಯು ಗೊತ್ತುಪಡಿಸಿದ ಮಿತಿಯನ್ನು ಮುಟ್ಟಿದರೆ ಒಪ್ಪಿಗೆ, ಇಲ್ಲವಾದರೆ ನಿರಾಕರಣೆ. ಮಿತಿಯನ್ನು ಇಳಿಸಿದರೆ ವಂಚಕನು ನುಸುಳುವ ಭಯ. ಏರಿಸಿದರೆ ನಿಜವಾದ ಹಕ್ಕುದಾರನೇ ಹೊರಗುಳಿಯುವ ಭಯ. 2010ರಲ್ಲಿ ವಿತರಣೆಯಾರಂಭವಾದ ಆಧಾರ್ ಸಂಖ್ಯೆಗೆ ಹತ್ತು ಬೆರಳುಗಳ ಜೊತೆಗೆ ಕಣ್ಣಾಲಿಗಳ ಹಾಗೂ ಮುಖದ ಚಿತ್ರಗಳನ್ನೂ ಪಡೆಯಲಾಗುತ್ತದೆ. ಒಂದು ಗುರುತು ಸೋತಲ್ಲಿ ಇನ್ನೊಂದು ನೆರವಾಗಬಲ್ಲದು.

ಗಣಕಯಂತ್ರದ ರಕ್ಷಣೆಯಲ್ಲಿ ಮತ್ತೊಂದು ಎಚ್ಚರಿಕೆಯೂ ಅವಶ್ಯ. ಗುಪ್ತಪದವು ಕಳವಾದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು. ಆದುದರಿಂದ ಮಹತ್ತ್ವದ ದಾಖಲೆಗಳಿಗೆ ಬೆರಳಗುರುತೊಂದನ್ನೇ ಬೀಗವಾಗಿಸದೆ, ಗುಪ್ತಪದವನ್ನೂ ಜೋಡಿಸುವುದು ಲೇಸು.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತು, ಗುರುತು ಹೊಂದಲಿಲ್ಲವೆಂಬ ಕಾರಣಕ್ಕೆ ಅರ್ಹರಿಗೆ ಸೌಲಭ್ಯವು ತಪ್ಪಬಾರದೆಂದು ಹೇಳಿತು. ಸವೆದ ಕೈಗೆ ಅದರ ಕಾಯಕವೇ ಅಡ್ಡಿಯಾಗಬಾರದಷ್ಟೆ.