ಮುಟ್ಟು ನಿಲ್ಲುವ ವಯಸ್ಸು ಮತ್ತು ಮೂಳೆಯ ಬಲ

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ಕಾಯಿ ಆಯುವುದು, ಹೊರುವುದು, ದನಕ್ಕೆ ಹುಲ್ಲು ತರುವುದು ಮುಂತಾದ ಕೆಲಸಗಳಲ್ಲಿ ಹೆಂಗಸರ ಪಾಲು ದೊಡ್ಡದು. ನಡುವಯಸ್ಸಿನಲ್ಲಿ ಅವರಿಗೆ ಸೊಂಟನೋವು ಬಂದರೆ, "ಮಕ್ಕಳು ಸಾಕೆಂದು ಮಾಡಿಸಿಕೊಂಡ ಆಪರೇಷನ್ನಿನಿಂದ ಮೂಳೆ ಸವೆಯಿತು" ಎಂದು ಭಾವಿಸುವವರುಂಟು. ಈ ಭಾವನೆ ಸರಿಯಲ್ಲ. ನಿಜವಾದ ಕಾರಣಗಳನ್ನು ಗಂಡ ಹೆಂಡಿರಿಬ್ಬರೂ ತಿಳಿದಿರುವುದು ಅವಶ್ಯ.

ಮೂಳೆಯು ಕಲ್ಲಿನಂತೆ ಜಡವಸ್ತುವಲ್ಲ. ಅದು ದಿನವೂ ಸ್ವಲ್ಪ ಕರಗುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುತ್ತದೆ. ಸುಮಾರು 30 ವರ್ಷದ ಹೊತ್ತಿಗೆ ಅದರ ಬಲ ಪೂರ್ಣವಾಗುತ್ತದೆ. ಅಂಡಾಶಯಗಳಲ್ಲಿ ಉತ್ಪತ್ತಿಯಾಗುವ ಈಸ್ಟ್ರೋಜನ್ ಎಂಬ ಹಾರ್ಮೋನು ಮೂಳೆಯು ಮಿತಿಮೀರಿ ಕರಗದಂತೆ ಕಾಯುತ್ತದೆ. ಸಾಮಾನ್ಯವಾಗಿ 45ರಿಂದ 55 ವರ್ಷದೊಳಗೆ ಮುಟ್ಟು ನಿಂತಾಗ ಈ ಹಾರ್ಮೋನು ಬಹಳ ಕಡಿಮೆಯಾಗುತ್ತದೆ. ಅನಂತರದ ಕೆಲವು ವರ್ಷಗಳಲ್ಲಿ ಮೂಳೆ ವೇಗವಾಗಿ ಸವೆಯುತ್ತದೆ. ಈ ಸವೆತಕ್ಕೆ ನೋವಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟೋ ತೊಡೆಯ ಮೂಳೆಯೋ ಮುರಿದಾಗಲೇ ಅನೇಕರಿಗೆ ತಿಳಿಯುವುದು.

ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಲ್ಲಿ ಅಂಡನಾಳಗಳನ್ನು ಮಾತ್ರ ಮುಚ್ಚಲಾಗುತ್ತದೆ. ಅಂಡಾಶಯಗಳು ಹಾಗೆಯೇ ಉಳಿದು, ಹಾರ್ಮೋನು ಎಂದಿನಂತೆ ಒದಗುತ್ತದೆ. ಆದರೆ ಗರ್ಭಕೋಶದೊಂದಿಗೆ ಎರಡೂ ಅಂಡಾಶಯಗಳನ್ನು ತೆಗೆದರೆ, ಚಿಕ್ಕ ವಯಸ್ಸಿನಲ್ಲಿಯೇ ಮೂಳೆಯ ಸವೆತ ಆರಂಭವಾಗುತ್ತದೆ. ಆದುದರಿಂದ ಗರ್ಭಕೋಶ ತೆಗೆಸಲು ಒಪ್ಪುವ ಮುನ್ನ, "ಅಂಡಾಶಯ ಉಳಿಯುವುದೇ? ಬೇರೆ ಚಿಕಿತ್ಸೆ ಇದೆಯೇ?" ಎಂದು ವೈದ್ಯರನ್ನು ಕೇಳಿರಿ. 2017ರಿಂದ ಸರ್ಕಾರದ ಕಾರ್ಯಕ್ರಮದಲ್ಲಿ ದೊರೆಯುತ್ತಿರುವ, ಮೂರು ತಿಂಗಳಿಗೊಮ್ಮೆ ಕೊಡುವ "ಅಂತರ" ಚುಚ್ಚುಮದ್ದನ್ನು ಬಳಸುವಾಗ ಮೂಳೆಯ ಸಾಂದ್ರತೆ ಸ್ವಲ್ಪ ಇಳಿಯಬಹುದು. ನಿಲ್ಲಿಸಿದ ಬಳಿಕ ಅದು ಬಹುಮಟ್ಟಿಗೆ ಮರಳುತ್ತದೆ. ಹೆದರಿ ತಾವಾಗಿಯೇ ಬಿಡದೆ, ವೈದ್ಯರ ಸಲಹೆ ಪಡೆಯಿರಿ.

"ಮೈ ತುಂಬಿಕೊಂಡವರ ಮೂಳೆ ಗಟ್ಟಿ" ಎಂಬ ಮಾತಿನಲ್ಲಿ ಸತ್ಯ ಅರ್ಧ ಮಾತ್ರ. ಮೈಯ ಕೊಬ್ಬಿನಲ್ಲಿಯೂ ಸ್ವಲ್ಪ ಈಸ್ಟ್ರೋಜನ್ ಹುಟ್ಟುತ್ತದೆ. ಭಾರ ಹೊರುವ ಮೂಳೆ ದಪ್ಪವಾಗುವುದೂ ಉಂಟು. ಆದರೆ ಹೊಟ್ಟೆಯ ಸುತ್ತ ಸೇರಿದ ಬೊಜ್ಜು ಮೂಳೆಗೆ ಹಿತವಲ್ಲ. ಅತಿಯಾದ ತೂಕದಿಂದ ಮಂಡಿ ಸವೆಯುತ್ತದೆ, ನಡಿಗೆ ಕಡಿಮೆಯಾಗುತ್ತದೆ, ಬಿದ್ದರೆ ಪೆಟ್ಟು ಹೆಚ್ಚು. ಹಾಗೆಂದು ಉಪವಾಸವಿದ್ದು ತೂಕ ಇಳಿಸಬಾರದು. ತೀರ ಬಡಕಲಾದವರ ಮೂಳೆಯೂ ದುರ್ಬಲವೇ.

ಪ್ರೌಢ ಸ್ತ್ರೀಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಸುಣ್ಣದಂಶ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಆದುದರಿಂದ ಮುದ್ದೆಯನ್ನು ಬಿಡಬೇಡಿರಿ. ಜೊತೆಗೆ ಹಾಲು, ಮಜ್ಜಿಗೆ, ಎಳ್ಳು, ಸೊಪ್ಪು, ಕಾಳುಗಳಿರಲಿ. ಒಣಕೊಬ್ಬರಿಯ 100 ಗ್ರಾಂನಲ್ಲಿ 60 ಗ್ರಾಂಗೂ ಹೆಚ್ಚು ಕೊಬ್ಬಿರುವುದರಿಂದ, ತೋಟ ನಮ್ಮದೇ ಆದರೂ ಬಳಕೆ ಹಿತಮಿತವಾಗಿರಲಿ. ದಿನವೂ ಸ್ವಲ್ಪ ಹೊತ್ತು ಬಿಸಿಲು ಮೈಗೆ ತಾಗಲಿ, ನಡಿಗೆ ತಪ್ಪದಿರಲಿ. ಹೊಗೆಸೊಪ್ಪನ್ನು ತ್ಯಜಿಸಿರಿ.

ಗಂಡಸರೂ ತಮ್ಮ ಪಾಲಿನ ಕೆಲಸ ಮಾಡಬೇಕು. ಹಾಲೆಲ್ಲವನ್ನೂ ಡೈರಿಗೆ ಹಾಕದೆ ಮನೆಯಾಕೆಗೂ ಒಂದು ಲೋಟ ಉಳಿಸಿರಿ. ಬಚ್ಚಲಿನ ಪಾಚಿ ತೆಗೆದು ದೀಪ ಹಾಕಿಸಿರಿ. 45ಕ್ಕೆ ಮೊದಲೇ ಮುಟ್ಟು ನಿಂತರೆ, ಬೆನ್ನು ಬಾಗಿದರೆ, ಸಣ್ಣ ಪೆಟ್ಟಿಗೂ ಮೂಳೆ ಮುರಿದರೆ, ತಡಮಾಡದೆ ಸಮೀಪದ ಆರೋಗ್ಯ ಕೇಂದ್ರಕ್ಕೆ ಇಬ್ಬರೂ ಕೂಡಿ ಬನ್ನಿರಿ.