ಎದೆಗೆ ಗುದ್ದುವ ಬೇಸ್ ಎಲ್ಲಿಂದ ಬರುತ್ತದೆ?

ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ಹುಡುಗರು ಹಾಡು ಮಾಡಿಸಲು ಬಂದಾಗ ಮೊದಲು ಹೇಳುವ ಮಾತು ಒಂದೇ: “ಅಣ್ಣಾ, ಬೇಸ್ ಎದಿಗೆ ಗುದ್ದಬೇಕು ನೋಡು.” ಜಾನಪದ ಧಾಟಿಯ ಪ್ರೇಮಗೀತೆ ಇರಲಿ, ಕೊಟ್ಟೂರೇಶ್ವರನ ಭಕ್ತಿಗೀತೆ ಇರಲಿ, ಬೇಡಿಕೆ ಅದೇ. ಕೊಟ್ಟೂರಿನ ರಸಮಂಜರಿಗಳಲ್ಲಿ ರಿದಂ ಪ್ಯಾಡ್ ನುಡಿಸುತ್ತ ಬೆಳೆದ ನಾನು ಈಗ ಮನೆಯ ಒಂದು ಕೋಣೆಯಲ್ಲಿ ಕಂಪ್ಯೂಟರಿನ ಮೇಲೆ ಟ್ರ್ಯಾಕ್ ಮಾಡುತ್ತೇನೆ. ಆ ಗುದ್ದು ವಾಲ್ಯೂಮಿನಿಂದ ಬರುವುದಿಲ್ಲ ಎಂಬುದನ್ನು ಅವರಿಗೆ ಕೇಳಿಸಿಯೇ ತೋರಿಸಬೇಕು.

ನಮ್ಮ ಸೀಮೆಗೆ ಆ ತಗ್ಗಿನ ನಾದ ಹೊಸದೇನಲ್ಲ. ಜಾತ್ರೆಯಲ್ಲಿ ಡೊಳ್ಳಿನ ಹತ್ತಿರ ನಿಂತವರೆಲ್ಲ ಅದನ್ನು ಮೈಯಲ್ಲಿ ಉಂಡವರೇ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವರ ಡಮರುಗ ತೆಳು ದನಿಯಲ್ಲಿ ಚಿಟಿಚಿಟಿ ಎನ್ನುತ್ತದೆ. ಡೊಳ್ಳು ನೆಲದಿಂದ ಎದ್ದು ಬಂದಂತೆ ಕೇಳಿಸುತ್ತದೆ. ಪೆಟ್ಟು ಬಿದ್ದ ಕ್ಷಣ ಚರ್ಮ ಹಿಗ್ಗಿ ಬಿಗಿಯಾಗುವುದರಿಂದ ಸ್ವರ ತುಸು ಮೇಲಿರುತ್ತದೆ, ಮರುಕ್ಷಣ ಕೆಳಗಿಳಿಯುತ್ತದೆ. ಡ್ರಮ್ ಸಿಂಥಸೈಜರ್ ಹಿಡಿಯುವುದು ಈ ಇಳಿತವನ್ನೇ.

ಅದರೊಳಗೆ ಯಾವ ವಾದ್ಯದ ರೆಕಾರ್ಡಿಂಗೂ ಇರಬೇಕಿಲ್ಲ. ಒಂದು ನುಣುಪಾದ ಸೈನ್ ಅಲೆ ಸಾಕು. ಅದನ್ನು 200 ಹರ್ಟ್ಸ್ ಸುಮಾರಿನಲ್ಲಿ ಶುರುಮಾಡಿ, ಕಣ್ಣು ಮಿಟುಕಿಸುವುದರೊಳಗೆ 50 ಹರ್ಟ್ಸಿಗೆ ಇಳಿಸಿ, ಆಮೇಲೆ ಮೆಲ್ಲಗೆ ಆರಲು ಬಿಟ್ಟರೆ ಕಿಕ್, ಅಂದರೆ ಡ್ರಮ್ಮಿನ ತಗ್ಗಿನ ಪೆಟ್ಟು, ಸಿದ್ಧ. ಬೇಗ ಇಳಿಸಿದರೆ ಪೆಟ್ಟು ಗಟ್ಟಿ, ನಿಧಾನಕ್ಕೆ ಇಳಿಸಿದರೆ ಗುಂಯ್ ಎನ್ನುತ್ತದೆ. ಸೊಯ್ಯೆನ್ನುವ ಸದ್ದು ಬೆರೆಸಿದರೆ ಸ್ನೇರ್ ಡ್ರಮ್ಮಿನ ಪೆಟ್ಟು. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಡ್ರಮ್ ಮಷೀನ್ ಹೀಗೆಯೇ ಬರೀ ಸರ್ಕ್ಯೂಟಿನಿಂದ ತಾಳ ಹುಟ್ಟಿಸಿತು. ಇವತ್ತು ಲೋಕದಲ್ಲೆಲ್ಲ ಉದ್ದನೆಯ ಬೇಸ್‌ಗೆ 808 ಎಂದೇ ಹೆಸರು.

ಅದೇ ಕಂಪನಿಯ ಟಿಬಿ-303 ಬಂದದ್ದು ಅದರ ಬೆನ್ನಲ್ಲೇ. ಒಬ್ಬಂಟಿ ಗಿಟಾರ್ ವಾದಕನಿಗೆ ಬೇಸ್ ಜೊತೆಯಾಗಲಿ ಎಂದು ಮಾಡಿದ ಪೆಟ್ಟಿಗೆ ಅದು. ಮಾರಾಟವಾಗದೆ 1984ರಲ್ಲಿ ನಿಂತುಹೋಯಿತು. ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸ್ಲೈಡ್ ಇತ್ತು, ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಬರುತ್ತದಲ್ಲ, ಹಾಗೆ. ಅದರಲ್ಲಿ ನಮ್ಮ ಮೀಂಡನ್ನು ಕಂಡವರು ಮುಂಬೈಯ ಸಿನಿಮಾ ವಾದಕ ಚರಣ್‌ಜಿತ್ ಸಿಂಗ್. 1982ರಲ್ಲಿ 303, 808 ಮತ್ತು ಜುಪಿಟರ್-8 ಸಿಂಥಸೈಜರ್ ಇಟ್ಟುಕೊಂಡು ಭೂಪಾಲಿ, ತೋಡಿ, ಮಾಲಕಂಸ ಸೇರಿ ಹತ್ತು ರಾಗಗಳನ್ನು ಡಿಸ್ಕೋ ತಾಳದಲ್ಲಿ ನುಡಿಸಿ ಒಂದು ತಟ್ಟೆ ಮಾಡಿದರು. ಷಿಕಾಗೋದವರು 303ರಿಂದ ಆ್ಯಸಿಡ್ ಹೌಸ್ ಸಂಗೀತ ತೆಗೆದದ್ದು ಅದಾಗಿ ಕೆಲವು ವರ್ಷಗಳ ಮೇಲೆ. 2010ರಲ್ಲಿ ಸಿಂಗ್ ಅವರ ಆ ತಟ್ಟೆ ಮತ್ತೆ ಬಿಡುಗಡೆಯಾದಾಗಲೇ ಅವರ ಹೆಸರು ಹೊರದೇಶಗಳಿಗೆ ಮುಟ್ಟಿತು. ಹಾಡು ಮಾಡಲು ಹೊರಟ ಪ್ರತಿ ಹುಡುಗನೂ ಅದನ್ನು ಕೇಳಲೇಬೇಕು ಎಂದು ನನ್ನ ಹಟ.

ಈಗ ಗುದ್ದಿನ ವಿಷಯ. ಕಿಕ್ಕೂ ಬೇಸೂ ಇರುವುದು ಒಂದೇ ತಗ್ಗಿನಲ್ಲಿ. ಎರಡೂ ಒಟ್ಟಿಗೆ ಮೊಳಗಿದರೆ ಒಂದನ್ನೊಂದು ನುಂಗಿ ಬರೀ ಗದ್ದಲ ಉಳಿಯುತ್ತದೆ. ಹಾಗಾಗಿ ಕಿಕ್ ಬಿದ್ದಾಗಲೆಲ್ಲ ಬೇಸ್ ತಾನಾಗಿ ತಗ್ಗಿ, ಕೂಡಲೇ ಎದ್ದುಬರುವಂತೆ ಕಟ್ಟಬೇಕು. ಸೈಡ್‌ಚೈನ್ ಎನ್ನುವುದು ಇದಕ್ಕೇ. ಶ್ರುತಿಯೂ ಕೂಡಬೇಕು. ಗಾಯಕ ಕರಿ ಒಂದರಲ್ಲಿ ಹಾಡುತ್ತಿದ್ದರೆ ತಗ್ಗಿನ ಷಡ್ಜ 69 ಹರ್ಟ್ಸ್ ಹತ್ತಿರ ಬರುತ್ತದೆ. ಉದ್ದನೆಯ 808 ಅಲ್ಲಿ ನಿಲ್ಲದೆ ಅತ್ತಿತ್ತ ಇದ್ದರೆ ಹಾಡೇ ಅಪಸ್ವರ ಎನಿಸುತ್ತದೆ.

ಇನ್ನೊಂದು ತೊಡಕು ಮೊಬೈಲ್. 50 ಹರ್ಟ್ಸಿನ ಒಂದು ಅಲೆಯ ಉದ್ದ ಹೆಚ್ಚುಕಡಿಮೆ 7 ಮೀಟರ್; ಅದನ್ನು ಅಂಗೈಯಗಲದ ಫೋನಿನ ಸ್ಪೀಕರ್ ನೂಕಲಾರದು. ಬೇಸ್‌ಗೆ ತುಸು ಒರಟುತನ ಬೆರೆಸಿದರೆ 100, 150, 200 ಹರ್ಟ್ಸ್ ಹೀಗೆ ಮೇಲಿನ ಸ್ವರಗಳು ಹುಟ್ಟುತ್ತವೆ. ಅವನ್ನು ಕೇಳಿದ ಕಿವಿ ಇಲ್ಲದ ತಗ್ಗನ್ನು ತಾನೇ ತುಂಬಿಕೊಳ್ಳುತ್ತದೆ. ಹಾಡನ್ನು ಗಣೇಶನ ಮೆರವಣಿಗೆಯ ಡಿಜೆ ಬಾಕ್ಸಿನಲ್ಲೂ ಫೋನಿನಲ್ಲೂ ಕೇಳುತ್ತಾರೆ, ಎರಡಕ್ಕೂ ಸಲ್ಲಬೇಕು. ಆದರೆ ಬಾಕ್ಸಿನ ಮೇಲೆ ಬಾಕ್ಸ್ ಪೇರಿಸಿ, ಮನೆಯಲ್ಲಿ ಮಲಗಿದ ಮುದುಕರು, ಕೂಸುಗಳು ಬೆಚ್ಚಿಬೀಳುವಂತೆ ಮಾಡುವುದು ಸಂಗೀತವಲ್ಲ, ಹಿಂಸೆ. ಹಾಗೆಂದು ಮುಖಕ್ಕೇ ಹೇಳಿ ಗಿರಾಕಿ ಬಿಟ್ಟದ್ದೂ ಉಂಟು.

ಡೊಳ್ಳು ಇರುವ ಹಾಡಿನಲ್ಲಿ ನಾನು ಸಿಂಥನ್ನು ಹಿಂದೆ ಸರಿಸುತ್ತೇನೆ. ಚರ್ಮದ ದನಿಗೆ ಅದರ ಜಾಗ ಬಿಟ್ಟು, ಅದರ ಕೆಳಗೆ ಸಣ್ಣದೊಂದು ಸೈನ್ ಅಲೆ ಮಾತ್ರ ಇಡುವುದು. ಕೂಡ್ಲಿಗಿ ಕಡೆಯ ಹಿರಿಯ ಡೊಳ್ಳಿನವರೊಬ್ಬರು ಅಂಥ ಮಿಕ್ಸ್ ಕೇಳಿ, “ತಮ್ಮಾ, ಎಲ್ಲಾ ಪೆಟ್ಟಿಗೂ ಕೊಡಬ್ಯಾಡ. ಆವರ್ತದ ಮೊದಲ ಪೆಟ್ಟಿಗೆ ಅಷ್ಟ ಕೊಡು, ಉಳಿದದ್ದು ನಮ್ಮ ಕೈಗೆ ಬಿಡು” ಎಂದರು. ಅಲ್ಲೇ ಕುಳಿತು ಉಳಿದ ಪೆಟ್ಟುಗಳ ಸೈನ್ ಅಳಿಸಿ ಮತ್ತೆ ಹಾಕಿದೆ. ಸ್ಪೀಕರ್ ಎದುರು ಅವರ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಹಾಡು ಹಾಗೆಯೇ ಹೊರಗೆ ಹೋಯಿತು.