ಡಿಸ್ಕುಗಳ ಸಮೂಹವು ಸ್ತಬ್ಧವಾದಾಗ

ಹಿಂದಿನ ಕಾಲದಲ್ಲಿ ಮನೆತನದ ಕಾಗದಪತ್ರಗಳನ್ನು ಗಂಟುಕಟ್ಟಿ ಪೆಟ್ಟಿಗೆಯಲ್ಲಿಡುವ ವಾಡಿಕೆಯಿದ್ದಿತು. ಈಗ ಆ ಪೆಟ್ಟಿಗೆಯ ಸ್ಥಾನವನ್ನು ಗಣಕಯಂತ್ರದ ಡಿಸ್ಕು ಪಡೆದಿರುವುದು. 2000ನೆಯ ಇಸವಿಯ ಸುಮಾರಿಗೆ ‘ಭೂಮಿ’ ಯೋಜನೆಯು ಕಾಲಿಟ್ಟಂದಿನಿಂದ ದೇವದುರ್ಗ, ಮಾನ್ವಿ ತಾಲೂಕುಗಳ ಪಹಣಿಗಳು ಸಹ ಯಂತ್ರದಿಂದಲೇ ಹೊರಬರುತ್ತಿವೆ. ದವಾಖಾನೆಯ ದಾಖಲೆ, ಅಂಗಡಿಯ ಲೆಕ್ಕ, ಮದುವೆಯ ಚಿತ್ರ, ಇವೆಲ್ಲವೂ ಡಿಸ್ಕಿನ ಪಾಲಾಗಿರುವುದರಿಂದ, ಅಂಥ ದಾಖಲೆಗಳ ಹೊಣೆ ಹೊತ್ತ ನಮ್ಮ ಪೂರ್ವವಿದ್ಯಾರ್ಥಿನಿಯರಿಗೆ ಈ ಲೇಖನವು ಉಪಯುಕ್ತವಾಗಬಹುದೆಂದು ನಂಬುತ್ತೇನೆ.

ಒಂದೇ ಡಿಸ್ಕನ್ನು ನೆಚ್ಚುವುದು ಅಪಾಯಕರವೆಂದು ತಿಳಿದವರು ಹಲವು ಡಿಸ್ಕುಗಳನ್ನು ಕೂಡಿಸಿ ಒಂದಾಗಿ ಬಳಸುವರು. ಈ ಸಮೂಹಕ್ಕೆ ರೇಡ್ ಎಂಬ ಹೆಸರನ್ನಿತ್ತವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು. ಅವರ ಪ್ರಬಂಧವು 1988ರಲ್ಲಿ ಪ್ರಕಟವಾಯಿತು. ಇದರ ಮರ್ಮವು ಸುಲಭವಾದುದು. ಮೊದಲನೆಯ ಡಿಸ್ಕಿನಲ್ಲಿ 7, ಎರಡನೆಯದರಲ್ಲಿ 5, ಮೂರನೆಯದರಲ್ಲಿ ಅವೆರಡರ ಮೊತ್ತವಾದ 12 ಎಂದು ಬರೆದಿಟ್ಟರೆ, ಯಾವುದಾದರೊಂದು ಕೆಟ್ಟರೂ ಉಳಿದೆರಡರಿಂದ ಅದನ್ನು ಲೆಕ್ಕ ಹಾಕಿ ತೆಗೆಯಬಹುದಲ್ಲವೆ? ನಿಜವಾದ ಲೆಕ್ಕವು ಸಂಕಲನವಲ್ಲವಾದರೂ ತತ್ತ್ವವು ಇದೇ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಈ ಲೆಕ್ಕವನ್ನು ಬೇರೊಂದು ಯಂತ್ರಭಾಗದ ನೆರವಿಲ್ಲದೆ ವ್ಯವಸ್ಥೆಯ ಗರ್ಭವಾದ ಕರ್ನೆಲ್ಲೇ ಮಾಡುವುದು. ಆ ಭಾಗಕ್ಕೆ ಎಂ.ಡಿ. ಎಂದು ಹೆಸರು.

ಇಂಥ ಸಮೂಹವು ಕೆಲವು ವೇಳೆ ಕೆಡದೆಯೇ ನಿಂತುಬಿಡುವುದುಂಟು. ಯಂತ್ರವು ಉರಿಯುತ್ತಿರುವುದು, ದೀಪವು ಹೊಳೆಯುತ್ತಿರುವುದು. ಆದರೆ ಕಡತವನ್ನು ತೆರೆಯಹೋದವರಿಗೆ ಉತ್ತರವೇ ಬಾರದು. ಕೆಲಸವನ್ನು ಕೊಲ್ಲಹೊರಟರೆ ಅದು ಸಾಯುವುದೂ ಇಲ್ಲ. ಏಕೆಂದರೆ ಡಿಸ್ಕಿನ ಉತ್ತರಕ್ಕಾಗಿ ಕಾಯುತ್ತಿರುವ ಕೆಲಸಕ್ಕೆ ಬೇರೆ ಯಾವ ಕರೆಯೂ ಕೇಳಿಸದು. ಪಟ್ಟಿಯಲ್ಲಿ ಅದರ ಮುಂದೆ ‘ಡಿ’ ಎಂಬ ಅಕ್ಷರವು ಕಾಣಿಸುವುದು. ಹೀಗೆ 120 ಸೆಕೆಂಡು ಕಳೆದರೆ, ಸಾಮಾನ್ಯವಾಗಿ ಕರ್ನೆಲ್ಲು ತನ್ನ ದಿನಚರಿಯಲ್ಲಿ ಇಂಥ ಕೆಲಸವು ತಡೆಹಿಡಿಯಲ್ಪಟ್ಟಿದೆಯೆಂದು ಬರೆದಿಡುವುದು.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರಿಗೆ ಈ ಸ್ಥಿತಿಯ ಪರಿಚಯವನ್ನು ಮಾಡಿಸಬೇಕಾಗಿಲ್ಲ. ಮಾನ್ವಿ, ರಾಯಚೂರು ಸೀಮೆಯ ಹೊಲಕ್ಕೆ ನೀರು ಬಾರದಿದ್ದರೆ ರೈತನು ಹೊಲವನ್ನು ಅಗೆಯಹೋಗುವನೆ? ಕಾಲುವೆಯ ಗುಂಟ ಮೇಲಕ್ಕೆ ನಡೆದು ಯಾವ ತೂಬಿನವರೆಗೆ ನೀರಿದೆ, ಯಾವುದರಿಂದೀಚೆಗೆ ಇಲ್ಲವೆಂಬುದನ್ನು ನೋಡುವನು. ಇಲ್ಲಿಯೂ ಹಾಗೆಯೇ ಮಾಡತಕ್ಕದ್ದು. ‘ಆರಿಸಿ ಹಚ್ಚಿದರೆ ಸರಿಹೋದೀತು’ ಎಂಬ ಮಾತು ನನಗೆ ಸೇರದು. ಆರಿಸಿದ ಕೂಡಲೆ ಕುರುಹುಗಳೆಲ್ಲ ಅಳಿದುಹೋಗುವುವು.

ಮೊದಲು ಪ್ರೊಕ್ ಎಂಬ ಕೋಶದಲ್ಲಿನ ಎಂಡಿಸ್ಟ್ಯಾಟ್ ಎಂಬ ಕಡತವನ್ನು ಓದಬೇಕು. ಯಾವ ಡಿಸ್ಕು ಸಮೂಹದಲ್ಲಿದೆ, ಯಾವುದು ಬಿದ್ದುಹೋಗಿದೆ, ಪುನರ್ನಿರ್ಮಾಣವಾಗಲಿ ತಪಾಸಣೆಯಾಗಲಿ ನಡೆದಿದೆಯೆ ಎಂಬುದೆಲ್ಲ ಅಲ್ಲಿರುವುದು. ಡೆಬಿಯನ್ ಎಂಬ ಲಿನಕ್ಸ್ ಪ್ರಭೇದದಲ್ಲಿ ವಾಡಿಕೆಯಂತೆ ತಿಂಗಳ ಮೊದಲನೆಯ ಭಾನುವಾರ ಸಮೂಹದ ತಪಾಸಣೆಯು ತಾನಾಗಿ ಆರಂಭವಾಗುವುದು. ಅಂದು ಯಂತ್ರವು ಮಂದವಾದರೆ ಅದು ಸ್ತಂಭನವಲ್ಲ, ಕೆಲಸ. ಶೇಕಡಾ ಸಂಖ್ಯೆಯು ಏರುತ್ತಿದ್ದರೆ ತಾಳ್ಮೆಯಿಂದಿರಬೇಕು. ಏರದೆ ಒಂದೇ ಕಡೆ ನಿಂತಿದ್ದರೆ ಮುಂದಿನ ತೂಬಿಗೆ ಹೋಗಬೇಕು.

ಮುಂದಿನ ತೂಬು ಡಿಸ್ಕೇ. ನನ್ನ ಅಭಿಪ್ರಾಯದಲ್ಲಿ ದೋಷವು ಹೆಚ್ಚಾಗಿ ಇಲ್ಲಿಯೇ ಇರುವುದು. ರಾಯಚೂರಿನ ಬೇಸಿಗೆಯು 40 ಡಿಗ್ರಿಯನ್ನು ಮೀರುವುದು. ಧೂಳಿಗೂ ಇಲ್ಲಿ ಬರವಿಲ್ಲ. ಇವೆರಡೂ ಯಂತ್ರಕ್ಕೆ ಹಿತವಲ್ಲ. ಮನೆಬಳಕೆಯ ಅಗ್ಗದ ಡಿಸ್ಕು ಒಂದು ಅಕ್ಷರವನ್ನು ಓದಲಾರದೆ ಹೋದಾಗ ಹಟತೊಟ್ಟು ಮತ್ತೆ ಮತ್ತೆ ಯತ್ನಿಸುತ್ತ ನಿಮಿಷಗಟ್ಟಲೆ ಕಳೆಯಬಹುದು. ಕರ್ನೆಲ್ಲಾದರೋ ಸಾಮಾನ್ಯವಾಗಿ 30 ಸೆಕೆಂಡು ಕಾದು, ಡಿಸ್ಕು ಸತ್ತಿತೆಂದು ಬಗೆದು, ಅದನ್ನು ಜಗ್ಗಿ ಎಬ್ಬಿಸತೊಡಗುವುದು. ಈ ಎಳೆದಾಟದಲ್ಲಿ ಸಮೂಹವೆಲ್ಲ ನಿಲ್ಲುವುದು. ಒಳ್ಳೆಯದೇ ಆದ ಡಿಸ್ಕು ಹೊರದೂಡಲ್ಪಡುವುದೂ ಉಂಟು. ಸಮೂಹಕ್ಕೆಂದೇ ಮಾಡಿದ ಡಿಸ್ಕುಗಳು ಸುಮಾರು 7 ಸೆಕೆಂಡಿನಲ್ಲಿ ‘ನನ್ನಿಂದಾಗದು’ ಎಂದು ಒಪ್ಪಿಕೊಳ್ಳುವುವು. ಆಗ ಕರ್ನೆಲ್ಲು ಉಳಿದವುಗಳಿಂದ ಲೆಕ್ಕ ಹಾಕಿ ತೆಗೆಯುವುದು. ಆದಕಾರಣ ಸ್ಮಾರ್ಟ್‌ಸಿಟಿಎಲ್ ಎಂಬ ಸಾಧನದಿಂದ ಡಿಸ್ಕಿನ ಅವಧಿಯನ್ನು 7 ಸೆಕೆಂಡಿಗೆ ಇಳಿಸಬೇಕು. ಡಿಸ್ಕು ಅದಕ್ಕೆ ಒಪ್ಪದಿದ್ದರೆ ಕರ್ನೆಲ್ಲಿನ ಕಾಯುವ ಅವಧಿಯನ್ನು 180 ಸೆಕೆಂಡಿಗೆ ಏರಿಸಬೇಕು. ಹಣ ಕೊಟ್ಟು ಹೊಸ ಯಂತ್ರವನ್ನು ಕೊಳ್ಳುವ ಮೊದಲು ತಂತಿಗಳನ್ನು ಅಲುಗಿಸಿ ನೋಡುವುದೂ ಲೇಸು.

ಡಿಸ್ಕುಗಳೆಲ್ಲ ಸರಿಯಿದ್ದೂ ಸಮೂಹವು ನಿಂತರೆ ಕರ್ನೆಲ್ಲನ್ನೇ ಸಂಶಯಿಸಬೇಕಾಗುವುದು. 2024ರ ಜನವರಿಯಲ್ಲಿ ಲಿನಕ್ಸಿನ 6.7.1 ಆವೃತ್ತಿಗೆ ಬಂದ ಒಬ್ಬ ಬಳಕೆದಾರನ ಸಮೂಹವು ಹೀಗೆ ಸ್ತಬ್ಧವಾಯಿತು. ಹಳೆಯ ಆವೃತ್ತಿಗೂ ಹೊಸದಕ್ಕೂ ನಡುವಿನ ಬದಲಾವಣೆಗಳನ್ನು ಅರ್ಧ, ಅದರರ್ಧ ಎಂದು ಪರೀಕ್ಷಿಸುತ್ತ ಆತನು ದೋಷವನ್ನು ಒಂದೇ ಬದಲಾವಣೆಗೆ ಕಟ್ಟಿಹಾಕಿದನು. ಈ ಕ್ರಮದಲ್ಲಿ ಸಾವಿರ ಬದಲಾವಣೆಗಳಿದ್ದರೂ ಹತ್ತು ಪರೀಕ್ಷೆಗಳು ಸಾಕು. ವಿಚಿತ್ರವೆಂದರೆ, ದೋಷವು ಹೊಸ ತಿದ್ದುಪಡಿಯಲ್ಲಿರಲಿಲ್ಲ; ಹಳೆಯದೊಂದು ತಿದ್ದುಪಡಿಯನ್ನು ಹಿಂತೆಗೆದುದರಲ್ಲಿತ್ತು. ಆ ಹಳೆಯದೂ ಬೇರೆ ಬಗೆಯ ಸ್ತಂಭನಕ್ಕೆ ಕಾರಣವಾಗಿತ್ತು: ಲೆಕ್ಕ ಮಾಡುವ ಎಳೆಯು ತಾನೇ ಮುಗಿಸಬೇಕಾದ ಕೆಲಸವು ಮುಗಿಯಲೆಂದು ತಾನೇ ಕಾಯುತ್ತ ಕುಳಿತುಬಿಡುತ್ತಿತ್ತು. ಸರಿಯಾದ ಪರಿಹಾರವು ಅದೇ ವರ್ಷ ಕರ್ನೆಲ್ಲಿಗೆ ಸೇರಿತು. ಇಂಥ ಸಂದರ್ಭದಲ್ಲಿ ಬಳಕೆದಾರರು ಹಿಂದಿನ ಕರ್ನೆಲ್ಲಿನಿಂದ ಯಂತ್ರವನ್ನು ಆರಂಭಿಸಿ ನೋಡಬಹುದು. ಆದರೆ ಆರಿಸುವ ಮೊದಲು ಆಲ್ಟ್, ಸಿಸ್‌ಆರ್‌ಕ್ಯೂ, ಡಬ್ಲ್ಯು ಕೀಲಿಗಳನ್ನು ಒಟ್ಟಿಗೆ ಒತ್ತಿ, ಯಾವ ಕೆಲಸವು ಎಲ್ಲಿ ಕಾಯುತ್ತಿದೆಯೆಂಬ ಪಟ್ಟಿಯನ್ನು ಬರೆದುಕೊಳ್ಳಬೇಕು. ಕೆಲವು ಯಂತ್ರಗಳಲ್ಲಿ ಈ ಕೀಲಿಗಳಿಗೆ ಮೊದಲೇ ಅನುಮತಿ ಕೊಟ್ಟಿರಬೇಕಾಗುವುದು.

ಸ್ತಂಭನದಿಂದ ದಾಖಲೆಗಳು ನಾಶವಾಗುವುದು ಅಪರೂಪ. ನಾಶವು ಬರುವುದು ಅವಸರದ ಕೈಯಿಂದ. ಎಂಡಿಎಡಿಎಂ ಎಂಬ ಸಾಧನದಲ್ಲಿ ‘ಕೂಡಿಸು’ ಎಂಬುದೂ ‘ಹೊಸದಾಗಿ ರಚಿಸು’ ಎಂಬುದೂ ಎರಡು ಬೇರೆ ಬೇರೆ ಅಪ್ಪಣೆಗಳು. ಮೊದಲನೆಯದು ಇದ್ದುದನ್ನು ಜೋಡಿಸುವುದು. ಎರಡನೆಯದನ್ನು ಡಿಸ್ಕುಗಳ ಕ್ರಮ ತಪ್ಪಿಸಿ ಕೊಟ್ಟರೆ ಇಪ್ಪತ್ತು ವರ್ಷಗಳ ಚಿತ್ರಗಳೂ ಲೆಕ್ಕಗಳೂ ಒಂದು ಗಳಿಗೆಯಲ್ಲಿ ಕೈಬಿಡಬಹುದು. ಆದುದರಿಂದ ಯಂತ್ರವು ನೆಟ್ಟಗಿರುವಾಗಲೇ ‘ಪರೀಕ್ಷಿಸು’ ಎಂಬ ಅಪ್ಪಣೆಯಿಂದ ಪ್ರತಿ ಡಿಸ್ಕಿನ ಕ್ರಮಸಂಖ್ಯೆ, ತುಂಡಿನ ಅಳತೆ, ಘಟನೆಗಳ ಎಣಿಕೆ ಇವನ್ನು ತೆಗೆದು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಬೇಕು. ಘಟನೆಗಳ ಎಣಿಕೆಯಲ್ಲಿ ಯಾವ ಡಿಸ್ಕು ಹಿಂದೆ ಬಿದ್ದಿದೆಯೋ ಅದೇ ಮೊದಲು ಹೊರಗಾದದ್ದು. ಕೂಡಿಸುವಾಗ ಅದನ್ನು ಕೊನೆಗೆ ಸೇರಿಸತಕ್ಕದ್ದು. ಸಮೂಹವು ನಕಲಿನ ಬದಲಿಯಲ್ಲ. ತಪ್ಪಿ ಅಳಿಸಿದ ಕಡತವು ಎಲ್ಲ ಡಿಸ್ಕುಗಳಿಂದಲೂ ಒಮ್ಮೆಗೇ ಅಳಿಯುವುದು. ಮಾನ್ವಿಯ ಮನೆಯ ದಾಖಲೆಗಳ ಒಂದು ಪ್ರತಿಯು ರಾಯಚೂರಿನ ಅಕ್ಕನ ಮನೆಯಲ್ಲಿದ್ದರೆ, ಸಮೂಹವು ನಿಂತ ದಿನ ಮೇಲೆ ಹೇಳಿದ ತೂಬುಗಳನ್ನು ನಿಧಾನವಾಗಿ ನೋಡಲು ಸಮಯವು ದೊರೆಯುವುದು.